ಖಾನಾಪುರ ಹೋಗಿ 'ಖನಪರ' ಆಯ್ತು! ಕೋಡಿಂಗ್ ಕಲಿಯೋ ಹುಡುಗರಿಗೆ ಎಂಥ ಮಾದರಿ ಪ್ರಾಜೆಕ್ಟ್ ಬೇಕು?

ಬೆಳಗಾವಿ: ಕಂಪ್ಯೂಟರ್ ಕಲಿತ ಹುಡುಗನಿಗೆ "ನಮ್ಮ ಅಂಗಡಿ ಉದ್ರಿ ಲೆಕ್ಕಕ್ಕೆ ಒಂದು ವೆಬ್‌ಸೈಟ್ ಮಾಡ್ಕೊಡಪ್ಪ" ಅಂದ್ರೆ ಎಷ್ಟೋ ಸಲ ತಡವರಿಸ್ತಾನೆ. ಅವನಿಗೆ ಬುದ್ಧಿ ಕಮ್ಮಿ ಅಂತಲ್ಲ. ಮೊದಲು ಕಲಿತ ಮಾದರಿಯಲ್ಲಿ ನಮ್ಮೂರಿನ ಅಂಗಡಿ ಇರಲೇ ಇಲ್ಲ.

ಫ್ರೇಮ್‌ವರ್ಕ್ ಅಂದ್ರೇನು?

ಹಂಚು ಮಾಡೋರು ಪ್ರತಿ ಹಂಚನ್ನೂ ಕೈಯಿಂದ ತಿದ್ದೋದಿಲ್ಲ, ಅಚ್ಚಿಗೆ ಮಣ್ಣು ಹಾಕ್ತಾರೆ. ವೆಬ್‌ಸೈಟ್‌ಗೂ ಅಂಥದ್ದೇ ಅಚ್ಚು ಇದೆ. ಲಾಗಿನ್, ಮಾಹಿತಿ ಸಂಗ್ರಹ, ಪುಟಗಳ ಜೋಡಣೆ ಎಲ್ಲ ಮೊದಲೇ ಸಿದ್ಧ. ಅದೇ ಫ್ರೇಮ್‌ವರ್ಕ್.

ಅಂಥ ಒಂದು ಫ್ರೇಮ್‌ವರ್ಕ್ ಜಾಂಗೊ. ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ 'ಲಾರೆನ್ಸ್ ಜರ್ನಲ್-ವರ್ಲ್ಡ್' ಎಂಬ ಸ್ಥಳೀಯ ಪತ್ರಿಕೆಯ ಕಚೇರಿಯಲ್ಲಿ. 2005ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಬೆಳಗಾವಿಯಲ್ಲೇ ಕೇಂದ್ರ ಕಚೇರಿ ಇರುವ ವಿಟಿಯುನ 2021ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಇದು ಪಠ್ಯ.

ತೊಂದರೆ ಎಲ್ಲಿ?

ಹೊಸಬರು ಜಾಂಗೊದಲ್ಲಿ ಮೊದಲು ಮಾಡೋದು ಮತ ಹಾಕುವ ಒಂದು ಪುಟ್ಟ ಆ್ಯಪ್. ಅದರ ಪ್ರಶ್ನೆ 'ವಾಟ್ಸ್ ಅಪ್?' ಪಾಠ ಚೆನ್ನಾಗೇ ಇದೆ. ಆದರೆ ಎಲ್ಲ ಇಂಗ್ಲಿಷಿನಲ್ಲೇ ಇರೋದ್ರಿಂದ ನಮ್ಮ ಸಮಸ್ಯೆ ಅಲ್ಲಿ ಎದುರಾಗೋದೇ ಇಲ್ಲ.

ವೆಬ್ ವಿಳಾಸದ ತುದಿಗೆ ಹೆಸರು ಸೇರಿಸೋಕೆ ಜಾಂಗೊದಲ್ಲಿ 'ಸ್ಲಗಿಫೈ' ಎಂಬ ಸಲಕರಣೆ ಇದೆ. ಅದಕ್ಕೆ 'ಖಾನಾಪುರ' ಅಂತ ಕೊಟ್ಟರೆ ಖಾಲಿ ಬರುತ್ತೆ. ಯೂನಿಕೋಡ್ ಒಪ್ಪಿಕೋ ಅಂತ ಹೇಳಿದ್ರೂ ಬರೋದು 'ಖನಪರ'. ದೀರ್ಘ, ಕೊಂಬುಗಳನ್ನು ಅದು ಅಕ್ಷರ ಅಂತ ಎಣಿಸೋದಿಲ್ಲ, ಅಳಿಸಿ ಹಾಕುತ್ತೆ. ದೇವನಾಗರಿಯ ಮರಾಠಿ ಹೆಸರಿಗೂ ಇದೇ ಗತಿ.

ಸಮಯದ್ದೂ ಹಂಗೇ. ಹೊಸ ಪ್ರಾಜೆಕ್ಟ್ ಯುಟಿಸಿ ಗಡಿಯಾರದಲ್ಲಿ ಶುರುವಾಗುತ್ತೆ. ರಾತ್ರಿ 8ಕ್ಕೆ ಬರೆದ ಉದ್ರಿ, ಮಧ್ಯಾಹ್ನ 2.30 ಅಂತ ತೋರಿಸುತ್ತೆ. ಗಿರಾಕಿ ಒಪ್ತಾನಾ?

ಒಳ್ಳೆ ಮಾದರಿ ಹೇಗಿರಬೇಕು?

ಉದ್ರಿ ಪುಸ್ತಕವನ್ನೇ ಮಾದರಿ ಪ್ರಾಜೆಕ್ಟ್ ಮಾಡಬಹುದು. ಗಿರಾಕಿ, ಸಾಮಾನು, ಮೊತ್ತ, ಜಮಾ, ಇಷ್ಟೇ ಸಾಕು.

* ಹೆಸರುಗಳು ಕನ್ನಡ, ಮರಾಠಿಯಲ್ಲೂ ಇರಲಿ. ವೆಬ್ ವಿಳಾಸಕ್ಕೆ ಹೆಸರಿನ ಬದಲು ಖಾತೆ ನಂಬರ್ ಬಳಸಲಿ.
* ಸಮಯ 'ಏಷ್ಯಾ/ಕೋಲ್ಕತಾ', ಭಾಷೆ 'ಕೆಎನ್' ಅಂತ ಮೊದಲೇ ಹಾಕಿರಲಿ. ಜಾಂಗೊದ ಭಾಷಾ ಪಟ್ಟಿಯಲ್ಲಿ ಕನ್ನಡ ಇದೆ.
* ದುಡ್ಡಿಗೆ 'ಫ್ಲೋಟ್' ಬೇಡ, 'ಡೆಸಿಮಲ್' ಇರಲಿ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತೆ.
* ಯಾವ ಆವೃತ್ತಿ, ಯಾವ ಕಮಾಂಡ್, ಎರರ್ ಬಂದ್ರೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಬರೆದಿರಲಿ.
* ಎಂದೂ ಕೋಡ್ ಮುಟ್ಟದವರ ಕೈಗೆ ಒಮ್ಮೆ ಕೊಟ್ಟು ನೋಡಲಿ. ಅವರು ನಿಂತ ಜಾಗದಲ್ಲೇ ತಿದ್ದಬೇಕು.

ಇದು ಆಗದ ಕೆಲಸವೇನಲ್ಲ. 2014ರಲ್ಲಿ ಬರ್ಲಿನ್‌ನಲ್ಲಿ ಶುರುವಾದ 'ಜಾಂಗೊ ಗರ್ಲ್ಸ್' ಏನೂ ಗೊತ್ತಿಲ್ಲದವರಿಗೂ ಇಂಟರ್ನೆಟ್ ಅಂದ್ರೇನು ಅನ್ನೋದರಿಂದಲೇ ಪಾಠ ಬರೆಯಿತು. ಜಾಂಗೊ ಪಾಠಗಳೂ ಮುಕ್ತ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು.

ಅಂಗಡಿಯವರು ಏನು ಮಾಡಬಹುದು?

ಉದ್ರಿ ಪುಸ್ತಕದ ಒಂದು ಪುಟ ಹೇಗಿರುತ್ತೆ ಅಂತ ಪಕ್ಕದ ಮನೆ ಕಾಲೇಜು ಹುಡುಗಿಗೆ, ಹುಡುಗನಿಗೆ ತೋರಿಸಿ. ಗಿರಾಕಿಗಳ ಅಸಲಿ ಹೆಸರು, ಫೋನ್ ನಂಬರ್ ಮಾತ್ರ ಕೊಡಬೇಡಿ. ಅರ್ಧ ಜಮಾ, ಹಳೆ ಬಾಕಿ, ವಾಪಸ್ ಬಂದ ಸಾಮಾನು, ಇವನ್ನೆಲ್ಲ ಹೇಗೆ ಬರೀತೀರಿ ಅಂತ ಹೇಳಿಕೊಡಿ. ಆ ಲೆಕ್ಕ ಯಾವ ಪಾಠದಲ್ಲೂ ಇಲ್ಲ, ನಿಮ್ಮ ಗಲ್ಲಾಪೆಟ್ಟಿಗೆ ಹತ್ತಿರವೇ ಇದೆ.