ಮೊರೆಹೊಕ್ಕವನನ್ನು ಕಾಯ್ದ ಸಾಮಂತ: ವೇಮುಲವಾಡದ ಇಮ್ಮಡಿ ಅರಿಕೇಸರಿ

ಹೈದರಾಬಾದಿನ ಸುಲ್ತಾನ್ ಬಜಾರಿನಿಂದ ಉತ್ತರಕ್ಕೆ ಸುಮಾರು 150 ಕಿಲೋಮೀಟರು ದೂರದಲ್ಲಿರುವ ವೇಮುಲವಾಡವು ಇಂದು ರಾಜರಾಜೇಶ್ವರನ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಈ ನಗರದ ಕನ್ನಡಿಗರೂ ಅಲ್ಲಿಗೆ ಯಾತ್ರೆ ಹೋಗುವುದುಂಟು; ಆದರೆ ಅದು ಪಂಪನ ಆಶ್ರಯದಾತನ ರಾಜಧಾನಿಯಾಗಿತ್ತೆಂದು ನೆನೆದು ಹೋಗುವವರು ವಿರಳ. ಅರಿಕೇಸರಿಯೆಂದೊಡನೆ ನೆನಪಾಗುವವನು ವಿಕ್ರಮಾರ್ಜುನವಿಜಯದ ಅರ್ಜುನನೇ ಹೊರತು, ತನ್ನ ಒಡೆಯನನ್ನೇ ಇದಿರಿಸಿ ನಿಂತ ಹತ್ತನೆಯ ಶತಮಾನದ ಸಾಮಂತನಲ್ಲ.

ಚಾಲುಕ್ಯರ ಈ ಶಾಖೆ ರಾಷ್ಟ್ರಕೂಟರಿಗೆ ಅಧೀನವಾದುದು. ಮೂಲಪುರುಷನಾದ ಯುದ್ಧಮಲ್ಲನು ಪೋದನದಲ್ಲಿ, ಎಂದರೆ ಈಗಿನ ನಿಜಾಮಾಬಾದ್ ಜಿಲ್ಲೆಯ ಬೋಧನಿನಲ್ಲಿ, ಆನೆಗಳಿಗೆ ಎಣ್ಣೆಯ ಮಜ್ಜನ ಮಾಡಿಸುತ್ತಿದ್ದನಂತೆ. ಇದರಲ್ಲಿ ಉತ್ಪ್ರೇಕ್ಷೆ ಎಷ್ಟೇ ಇರಲಿ, ಆನೆಯ ಪಡೆಯನ್ನು ಸಾಕುವ ಐಶ್ವರ್ಯವಿತ್ತೆಂಬುದು ಸ್ಪಷ್ಟ. ಮುಂದೆ ಬಂದ ಬದ್ದೆಗನು 42 ಕಾಳಗಗಳನ್ನು ಗೆದ್ದು ‘ಸೋಲದ ಗಂಡ’ನೆನಿಸಿದನು. ಅರಿಕೇಸರಿಯ ತಂದೆ ನರಸಿಂಹನು ಮುಮ್ಮಡಿ ಇಂದ್ರನ ಉತ್ತರ ದಂಡಯಾತ್ರೆಯಲ್ಲಿ ಘೂರ್ಜರ ಮಹೀಪಾಲನನ್ನು ಹಿಮ್ಮೆಟ್ಟಿಸಿ ಗಂಗೆಯಲ್ಲಿ ಕುದುರೆಯನ್ನು ಮೀಯಿಸಿದವನು. ಸ್ವತಃ ಅರಿಕೇಸರಿಯು ರಾಷ್ಟ್ರಕೂಟ ಕುಲದ ರೇವಕನಿರ್ಮಡಿಯ ಕೈಹಿಡಿದವನು. ಹೀಗೆ ಸೇವೆಯಿಂದಲೂ ಸಂಬಂಧದಿಂದಲೂ ಈ ಮನೆತನವು ಮಾನ್ಯಖೇಟಕ್ಕೆ ಕಟ್ಟುಬಿದ್ದಿತ್ತು.

ಕ್ರಿ. ಶ. 930ರಲ್ಲಿ ಪಟ್ಟವೇರಿದ ನಾಲ್ವಡಿ ಗೋವಿಂದನ, ಕನ್ನಡಿಗರು ಕರೆದಂತೆ ಗೊಜ್ಜಿಗನ, ಕಾಲದಲ್ಲಿ ಆ ಕಟ್ಟು ಕಡಿಯಿತು. ಅವನ ಕೋಪಕ್ಕೆ ಗುರಿಯಾದ ಬಿಜ್ಜ ಅಥವಾ ವಿಜಯಾದಿತ್ಯನೆಂಬ ಚಾಲುಕ್ಯನು ಅರಿಕೇಸರಿಯ ಮೊರೆಹೊಕ್ಕನು. ಒಪ್ಪಿಸಿಬಿಟ್ಟಿದ್ದರೆ ಸಾಮಂತನಿಗೆ ನಷ್ಟವಿರಲಿಲ್ಲ. ಕಾಯ್ದರೆ ನಾಡು, ತಲೆ ಎರಡೂ ಅಡವು. ಅರಿಕೇಸರಿ ಕಾಯ್ದನು. ಅವನ ಮೇಲೆ ಚಕ್ರವರ್ತಿಯು ಕಳುಹಿಸಿದ ಮಹಾಸಾಮಂತರು ಸೋತು ಹಿಂದಿರುಗಿದರು. 935ರ ಸುಮಾರಿಗೆ ಗೊಜ್ಜಿಗನು ಪದಚ್ಯುತನಾಗಿ, ಬದ್ದೆಗದೇವನೆಂಬ ಮುಮ್ಮಡಿ ಅಮೋಘವರ್ಷನು ಸಿಂಹಾಸನವನ್ನೇರಿದನು.

ಈ ಬದಲಾವಣೆಯನ್ನು ಮಾಡಿಸಿದವರಾರು? ಅಮೋಘವರ್ಷನ ಮಗ ಮುಮ್ಮಡಿ ಕೃಷ್ಣನ ದೇವಳಿ, ಕರ್ಹಾಡಗಳ ತಾಮ್ರಪಟಗಳು, ಗೋವಿಂದನು ವಿಷಯಲಂಪಟನಾದುದರಿಂದ ಸಾಮಂತರು ಅಮೋಘವರ್ಷನನ್ನು ಪ್ರಾರ್ಥಿಸಿಕೊಂಡರೆಂದಷ್ಟೇ ಹೇಳಿ ಮುಗಿಸುತ್ತವೆ. ಮುಂದೆ ನಿಂತು ಕಾದಿದ ಸಾಮಂತನ ಹೆಸರೇ ಅಲ್ಲಿಲ್ಲ. ಸಿಂಹಾಸನವನ್ನು ಪಡೆದವರು ಅದನ್ನು ಕೊಡಿಸಿದವರ ಋಣವನ್ನು ಬರೆದಿಡುವುದು ಅಪರೂಪ. ಬದ್ದೆಗನಿಗೆ ಸಾಮ್ರಾಜ್ಯವನ್ನು ಅರಿಕೇಸರಿಯೇ ದೊರಕಿಸಿದನೆಂದು ಹೆಸರು ಹಿಡಿದು ಹೇಳಿದವನು ಪಂಪ. ಆಶ್ರಿತಕವಿಯ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಬಿಜ್ಜನ ರಕ್ಷಣೆಯನ್ನು ವೇಮುಲವಾಡದ ಶಿಲಾಶಾಸನವೂ ಹೇಳುತ್ತದೆ, ತಾಮ್ರಪಟಗಳ ಮಾತಿಗೂ ಕವಿಯ ಮಾತಿಗೂ ವಿರೋಧವಿಲ್ಲ.

ಇಂತಹ ಅರಸುಗಳು ಅನ್ಯದೇಶಗಳಲ್ಲಿಯೂ ಇದ್ದರು. ವೇಲ್ಸಿನ ರೀಸ್ ಆಪ್ ಗ್ರಿಫಿದನು ಇಂಗ್ಲೆಂಡಿನ ದೊರೆ ಇಮ್ಮಡಿ ಹೆನ್ರಿಯೊಡನೆ ಕಾದಿದನು, ಬಳಿಕ ಅವನ ಪ್ರತಿನಿಧಿಯೂ ಆದನು. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳ ಸ್ಪರ್ಧೆಯನ್ನು ನಡೆಸಿದನು. ಬಲವಾದ ಒಡೆಯನ ನೆರಳಿನಲ್ಲಿದ್ದವನಿಗೆ ಕವಿಯ ಆವಶ್ಯಕತೆ ಹೆಚ್ಚೆಂದು ತೋರುತ್ತದೆ.

ಪಂಪಭಾರತದಲ್ಲಿ ದ್ರೌಪದಿಯು ಅರ್ಜುನನೊಬ್ಬನ ಹೆಂಡತಿ. ಕಡೆಗೆ ಪಟ್ಟವಾಗುವುದು ಧರ್ಮರಾಜನಿಗಲ್ಲ, ಸುಭದ್ರೆಯೊಡನೆ ಅರ್ಜುನನಿಗೆ. ರಾಷ್ಟ್ರಕೂಟರು ತಮ್ಮನ್ನು ಯದುವಂಶದವರೆಂದು ಹೇಳಿಕೊಳ್ಳುತ್ತಿದ್ದುದನ್ನು ನೆನೆದರೆ, ಯಾದವಕನ್ಯೆಯಾದ ಸುಭದ್ರೆಯಲ್ಲಿ ರೇವಕನಿರ್ಮಡಿಯನ್ನು ಕಂಡವರ ಊಹೆ ಅಸಂಗತವೆನಿಸದು. ಚಕ್ರವರ್ತಿಯಾಗದೆ ಉಳಿದ ಸಾಮಂತನಿಗೆ ಕಾವ್ಯದಲ್ಲಾದರೂ ಪಟ್ಟಾಭಿಷೇಕವಾಯಿತು.

ಪಂಪನಿಗೆ ದೊರೆತುದು ಧರ್ಮವುರವೆಂಬ ಅಗ್ರಹಾರ. ಆ ದತ್ತಿಯನ್ನು ಅವನ ತಮ್ಮ ಜಿನವಲ್ಲಭನು ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಗುಡ್ಡದ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಒಂದೇ ಶಾಸನದಲ್ಲಿ ಜೊತೆಗೂಡಿವೆ. ಮನೆತನದ ಕೊನೆಯ ಮುಖ್ಯ ದಾಖಲೆ 966ರ ಪರಭಣಿ ತಾಮ್ರಪಟ. ತಂದೆ ಬದ್ದೆಗನು ಕಟ್ಟಿಸಿದ ಶುಭಧಾಮ ಜಿನಾಲಯಕ್ಕಾಗಿ ಮುಮ್ಮಡಿ ಅರಿಕೇಸರಿಯು ಸೋಮದೇವಸೂರಿಗೆ ಗ್ರಾಮವೊಂದನ್ನು ಬಿಟ್ಟ ಸಂಗತಿ ಅದರಲ್ಲಿದೆ. ಏಳು ವರ್ಷಗಳ ಬಳಿಕ, 973ರಲ್ಲಿ, ರಾಷ್ಟ್ರಕೂಟರ ಸಾಮ್ರಾಜ್ಯವು ಕಲ್ಯಾಣದ ಚಾಲುಕ್ಯ ತೈಲಪನ ಪಾಲಾಯಿತು.