ಒಂದು ತೋಟಾ, ಮತ್ತೆ ತುಂಬುವ ಮುನ್ನ

ಹಾರಿಸಿದ ರೈಫಲ್ ತೋಟಾ ಇದು. ಗುಂಡು ಹೋಯ್ತು, ಮದ್ದು ಉರಿದುಹೋಯ್ತು, ಮದ್ದಿಗೆ ಕಿಡಿ ಕೊಡುವ ಬುಡದ ಪ್ರೈಮರ್ ಸಿಡಿದಾಯ್ತು. ಉಳಿದದ್ದು ಹಿತ್ತಾಳೆಯ ಈ ಕೋಶ ಮಾತ್ರ. ಅಮೆರಿಕದಲ್ಲಿ ಎಷ್ಟೋ ಬೇಟೆಗಾರರು ಇದನ್ನು ಎಸೆಯುವುದಿಲ್ಲ, ಮನೆಯಲ್ಲೇ ಮತ್ತೆ ತುಂಬುತ್ತಾರೆ. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಅಲ್ಲಿನವರಿಗೆ ಉಳಿತಾಯ ಒಂದು ಕಾರಣ. ನಿಜವಾದ ಸೆಳೆತ ಬೇರೆಯೇ: ತೋಟಾಗಳೆಲ್ಲ ಒಂದೇ ಸಮ ಇದ್ದರೆ ಗುಂಡುಗಳು ಗುರಿಹಲಗೆಯ ಮೇಲೆ ಒತ್ತೊತ್ತಾಗಿ ಕೂರುತ್ತವೆ.

ಹಾರಿಸಿದಾಗ ಕೋಶ ಹಿಗ್ಗಿರುತ್ತದೆ. ಡೈ ಎಂಬ ಉಕ್ಕಿನ ಅಚ್ಚಿಗೆ ಒತ್ತಿ ಮತ್ತೆ ಅಳತೆಗೆ ತರುತ್ತಾರೆ. ಬಿರುಕು ಕಂಡರೆ ಕಸಕ್ಕೆ, ಎರಡನೇ ಮಾತಿಲ್ಲ.

ಬುಡಕ್ಕೆ ಹೊಸ ಪ್ರೈಮರ್ ಕೂರಿಸಿದ ಮೇಲೆ ಮದ್ದಿನ ಸರದಿ. ಅದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ! ಇಲ್ಲಿ ಅಂದಾಜು ನಡೆಯದು, ಗೆಳೆಯನ ಮಾತೂ ನಡೆಯದು. ಹೊಸಬರು ಅಚ್ಚಾದ ಕೈಪಿಡಿಯ ಆರಂಭಿಕ ಪ್ರಮಾಣವನ್ನೇ ಹಿಡಿಯಬೇಕು. ಮೇಜಿನ ಮೇಲೆ ಮದ್ದಿನ ಒಂದೇ ಡಬ್ಬಿ ಇರಬೇಕು. ಏಕೆಂದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ಮದ್ದುಗಳ ಉರಿಯುವ ವೇಗ ಬೇರೆ ಬೇರೆ ಇರಬಹುದು. ತಪ್ಪು ಮದ್ದು ಬಿದ್ದರೆ ಒತ್ತಡ ಏರಿ ಕೋವಿಯೇ ಒಡೆಯಬಹುದು, ಅದೂ ನಿಮ್ಮ ಕೆನ್ನೆಯ ಪಕ್ಕದಲ್ಲೇ.

ಮದ್ದು ಬೀಳದ ತೋಟಾ ಕೂಡ ಅಪಾಯವೇ. ಪ್ರೈಮರ್‌ನ ಬಲಕ್ಕೆ ಗುಂಡು ನಳಿಗೆಯೊಳಗೆ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳಬಹುದು. ಅದು ಗೊತ್ತಾಗದೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳಿಹೋಗಬಹುದು.

ಅದಕ್ಕೇ ಪಳಗಿದವರು ಗುಂಡು ಕೂರಿಸುವ ಮುನ್ನ ಕೋಶಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ದೀಪ ಹಿಡಿದು, ಒಂದೊಂದರ ಒಳಗೂ ಇಣುಕುತ್ತಾರೆ.