ಶುಗರ್ ಇರುವವರಿಗೆ ಹೇಳುವ ಮೊದಲು ಕೇಳಬೇಕಾದ್ದು

"ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ವಾಕಿಂಗ್ ಹೋಗಿ." ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವ ಮೇಷ್ಟ್ರಿಗೂ ಇದೇ ಮಾತು, ಹೊಸದಾಗಿ ಇನ್ಸುಲಿನ್ ಶುರುವಾದ ಅಜ್ಜಿಗೂ ಇದೇ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ಅಷ್ಟು ಜನಕ್ಕೂ ಒಂದೇ ಉಪದೇಶ ಸಾಲುವುದಿಲ್ಲ. ಯಾರಿಗೆ ಯಾವುದು ಗೊತ್ತಿಲ್ಲ, ಯಾವುದು ಗೊತ್ತಿದ್ದೂ ಮಾಡಲಾಗುತ್ತಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

"ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಂದರೆ "ಹೂಂ ಸಾರ್" ಎಂಬ ಉತ್ತರ ಬರುತ್ತದೆ, ಅಷ್ಟೇ. ಅದರ ಬದಲು "ನಿನ್ನೆ ಎದ್ದಾಗಿನಿಂದ ಮಲಗೋ ತನಕ ಏನೇನು ತಿಂದ್ರಿ, ಮಾತ್ರೆ ಯಾವಾಗ ತಗೊಂಡ್ರಿ?" ಎಂದು ಕೇಳಬೇಕು. ಆಗ ರಾಗಿಗೆ ಶುಗರ್ ಏರುವುದಿಲ್ಲವೆಂದು ನಂಬಿ ಎರಡು ದೊಡ್ಡ ಮುದ್ದೆ ಉಣ್ಣುವುದು, ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಹಿಡಿದಿರುವುದು, ಸೋಮವಾರದ ಉಪವಾಸಕ್ಕೂ ಗ್ಲಿಮೆಪಿರೈಡ್ ಮಾತ್ರೆ ತಪ್ಪಿಸದಿರುವುದು ಒಂದೊಂದಾಗಿ ಹೊರಬೀಳುತ್ತವೆ. ಕೊನೆಯದು ಅಪಾಯ: ಹೊಟ್ಟೆ ಖಾಲಿಯಿದ್ದಾಗ ಆ ಮಾತ್ರೆ ಶುಗರ್ ಅನ್ನು ತೀರಾ ಇಳಿಸಬಲ್ಲದು.

ಇನ್ಸುಲಿನ್ ವಿಷಯದಲ್ಲಿ ಕೇಳಿದರೂ ಸಾಲದು, ಕಣ್ಣಾರೆ ನೋಡಬೇಕು. ನಮ್ಮಲ್ಲಿ ಸಿಗುವ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಎಂ.ಎಲ್.ಗೆ 40 ಯೂನಿಟ್‌ನವು. ಅವಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್ ಬೇಕು. ಅಂಗಡಿಯವನು ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಕೊಟ್ಟನೆನ್ನಿ. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು ಬರೀ 8 ಯೂನಿಟ್. ಅದಲುಬದಲಾಗಿ 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗಿ ಪ್ರಾಣಕ್ಕೇ ಕುತ್ತು. ಎಷ್ಟು ಚಂದದ ಚಾರ್ಟ್ ತೋರಿಸಿದರೂ ಈ ತಪ್ಪು ಸಿಕ್ಕಿಬೀಳುವುದಿಲ್ಲ. "ಮನೇಲಿ ಹೇಗೆ ಎಳೀತೀರೋ ಹಾಗೇ ಎಳೆದು ತೋರಿಸಿ" ಎಂದರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಚುಚ್ಚುವ ಜಾಗವನ್ನೂ ಮುಟ್ಟಿ ನೋಡಬೇಕು. ಗಂಟು ಕಟ್ಟಿದ್ದರೆ ಒಂದೇ ಕಡೆ ಚುಚ್ಚುತ್ತಿದ್ದಾರೆ ಎಂದೇ ಲೆಕ್ಕ.

ಬೆವರಿ ಕೈ ನಡುಗಿದರೆ ಏನು ಮಾಡುತ್ತೀರಿ ಎಂದೂ ಕೇಳಬೇಕು. ಶುಗರ್ 70ಕ್ಕಿಂತ ಕೆಳಗಿಳಿದು, ಪ್ರಜ್ಞೆ ಇದ್ದರೆ, ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಇದು ಮನೆಯವರಿಗೂ ಗೊತ್ತಿರಬೇಕು. ಇದರ ಜೊತೆಗೆ, ಗಾಯವೇನಾದರೂ ಇದೆಯೇ ಎಂದು ಚಪ್ಪಲಿ ಬಿಚ್ಚಿಸಿ ಪಾದ ನೋಡುವುದನ್ನಂತೂ ಬಿಡುವಂತಿಲ್ಲ.

ಇನ್ನು, ಅಡುಗೆ ಮಾಡುವವರು ಯಾರು? ಸಿರಿಂಜಿನ ಗೆರೆ ಕಣ್ಣಿಗೆ ಕಾಣುತ್ತದೆಯೇ? ಗ್ಲುಕೋಮೀಟರ್ ಪಟ್ಟಿ ಕೊಳ್ಳಲು ದುಡ್ಡಿದೆಯೇ? ದುಡ್ಡಿಲ್ಲದವರಿಗೆ ದಿನಾ ಪರೀಕ್ಷಿಸಿಕೊಳ್ಳಿ ಎಂದು ಪಾಠ ಮಾಡುವುದು ಶಿಕ್ಷಣವಲ್ಲ, ಬೈಗುಳ.

ಈ ವಿಚಾರಣೆ ಒಮ್ಮೆಗೆ ಮುಗಿಯುವುದಿಲ್ಲ. ಕಾಯಿಲೆ ಪತ್ತೆಯಾದಾಗ, ವರ್ಷಕ್ಕೊಮ್ಮೆ, ಹೊಸ ತೊಡಕು ಕಂಡಾಗ, ಚಿಕಿತ್ಸೆ ಅಥವಾ ಬದುಕಿನ ರೀತಿ ಬದಲಾದಾಗ ಮತ್ತೆ ನಡೆಯಬೇಕು. ಶುಗರ್ ಇರುವವರು ನೀವಾದರೆ, ಆಸ್ಪತ್ರೆಯವರಾಗಿ ಕೇಳದಿದ್ದರೆ ನೀವೇ ಕೇಳಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಇನ್ಸುಲಿನ್ ಬಾಟಲಿಯ ಜೊತೆ ಸಿರಿಂಜನ್ನೂ ಚೀಲಕ್ಕೆ ಹಾಕಿಕೊಳ್ಳಿ, ನರ್ಸಮ್ಮನ ಎದುರೇ ಔಷಧಿ ಎಳೆದು ತೋರಿಸಿ.